ಗೊರಕೆಗೆ ಸಾಕ್ಷಿ

ಪಾಠ ಮಾಡುತ್ತಲೇ ನಾನು ಎರಡು ಸಲ ತೂಕಡಿಸಿದ ಮೇಲೆ, ಪಕ್ಕದ ಮನೆಯ ಲಕ್ಷ್ಮಿಯವರು ನನ್ನನ್ನು ವಿಜಯವಾಡದ ಒನ್ ಟೌನಿನ ನಮ್ಮ ಬೀದಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ನಮ್ಮ ಯಜಮಾನರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ದುಃಖಕ್ಕೆ ನಿದ್ದೆ ಕೆಟ್ಟಿದೆ, ಅಷ್ಟೇ ಎಂಬುದು ನನ್ನ ವಾದ.

ಡಾಕ್ಟರು ಬಿಪಿ ನೋಡಿ, ಕತ್ತಿನ ಸುತ್ತ ಟೇಪು ಹಿಡಿದು, "ಗೊರಕೆ ಹೊಡೆಯುತ್ತೀರಾ ಅಮ್ಮಾ?" ಎಂದರು.

"ಇಲ್ಲ."

"ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?"

"ಇಷ್ಟು ವರ್ಷ ಸಂಸಾರ ಮಾಡಿದವರು ಒಂದು ದಿನವೂ ಹೇಳಿಲ್ಲ."

ಲಕ್ಷ್ಮಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಿಮ್ಮ ಯಜಮಾನರು ನಮ್ಮ ಮನೆಯವರ ಹತ್ತಿರ ದಿನಾ ಹೇಳುತ್ತಿದ್ದರಲ್ಲ ಟೀಚರ್‌ಗಾರೂ! 'ಗೊರಕೆ ಇದ್ದರೆ ಚಿಂತೆಯಿಲ್ಲ. ಸ್ಟೇಷನ್ ಹೊರಗೆ ರೈಲು ನಿಂತ ಹಾಗೆ ನಡುವೆ ಉಸಿರೇ ನಿಂತುಬಿಡುತ್ತೆ. ಮೆಲ್ಲಗೆ ಮಗ್ಗುಲು ಹೊರಳಿಸಿದರೆ ಮತ್ತೆ ಹೊರಡುತ್ತೆ' ಅಂತ."

ಡಾಕ್ಟರು ನಗಲಿಲ್ಲ. "ದುಃಖ ಇರಲಿ ಅಮ್ಮಾ, ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯೂ ಇರಬಹುದು. ಈಗ ಹೊರಳಿಸುವವರಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ನಿದ್ದೆಯ ಪರೀಕ್ಷೆ ಮಾಡಿಸಿ," ಎಂದರು. ನಾನು ತಲೆಯಾಡಿಸಿದೆ.

ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೂ ಮುಖದ ಮೇಲೆ ಹೇಳುತ್ತಿದ್ದ ಮನುಷ್ಯ, ಇದೊಂದನ್ನು ಮಾತ್ರ ಬೀದಿಗೆಲ್ಲ ಹೇಳಿ ನನಗೆ ಹೇಳದೆ ಹೋದರು.