ಆಟವಾದ ಮೇಲೆ ಸೋಪು

ಊದುಬತ್ತಿಯ ಪೊಟ್ಟಣದಲ್ಲಿ ಒಮ್ಮೊಮ್ಮೆ ಒಂದು ಕಡ್ಡಿ ಪರಿಮಳ ತಪ್ಪಿಸಿಕೊಂಡು ಬಂದಿರುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ. ಉಳಿದವೆಲ್ಲ ಮಲ್ಲಿಗೆ, ಗಂಧ ಎಂದು ಮೂಗಿಗೆ ಬಡಿಯುತ್ತಿದ್ದರೆ ಇದೊಂದು ಮಾತ್ರ ಇದ್ದಿಲು ಮತ್ತು ಮರದ ತೊಗಟೆಯ ವಾಸನೆ ಬೀರುತ್ತ ಉರಿಯುತ್ತದೆ. ಮೊನ್ನೆ ಸಂಜೆ ನನ್ನ ಕೈಗೆ ಸಿಕ್ಕಿದ್ದು ಅಂಥದ್ದೇ ಕಡ್ಡಿ.

ಪಾಂಡವಪುರದ ನನ್ನ ಮನೆಯ ಮುಂಗೋಣೆಯಲ್ಲಿ ಬೀದಿಯ ಮಕ್ಕಳಿಗೆಂದು ಒಂದು ಪುಟ್ಟ ಪುಸ್ತಕದ ಮನೆ ಇಟ್ಟುಕೊಂಡಿದ್ದೇನೆ. ಎರಡು ಕಪಾಟು, ಒಂದು ಚಾಪೆ, ಒಂದು ಫ್ಯಾನು, ಬಾಗಿಲ ಪಕ್ಕದಲ್ಲಿ ನಾನೇ ಸೀಮೆಸುಣ್ಣದಲ್ಲಿ ದುಂಡಗೆ ಬರೆದ ನಿಯಮಗಳ ಹಲಗೆ. ಮಕ್ಕಳು ಬರುವ ಹೊತ್ತಿಗೆ ಸೊಳ್ಳೆ ಓಡಲಿ ಎಂದು ಕಡ್ಡಿ ಹಚ್ಚುವುದು ನನ್ನ ರೂಢಿ. ಲೆಕ್ಕ ಹಾಕಿದರೆ ನಾನು ದೇವರಿಗಿಂತ ಸೊಳ್ಳೆಗೇ ಹೆಚ್ಚು ಊದುಬತ್ತಿ ಹಚ್ಚಿದವಳು. ಮೊನ್ನೆಯೂ ಹಚ್ಚಿದೆ. ಆಗಲೇ ಎದುರಿಗೆ ಕಟ್ಟುತ್ತಿರುವ ಮನೆಯಲ್ಲಿ ಗಾರೆ ಹೊರುವ ಹುಡುಗಿ ಎಂದಿನಂತೆ ನಮ್ಮ ಬಾಗಿಲವರೆಗೆ ಬಂದು, ಹಲಗೆಯನ್ನು ನೋಡಿ, ಎಂದಿನಂತೆ ಹೊರಟುಹೋದಳು. ಹದಿನಾರೋ ಹದಿನೇಳೋ ಇರಬಹುದು. ಬಹಳ ಸಂಕೋಚದ ಹುಡುಗಿ ಎಂದುಕೊಂಡೆ. ಅಷ್ಟರಲ್ಲಿ ಹೊಗೆ ಎದ್ದಿತು, ಪರಿಮಳ ಬರಲಿಲ್ಲ. ಬಂದದ್ದು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಒಂದು ಪಡಸಾಲೆ, ಮತ್ತು ಅಲ್ಲಿ ಮಣೆಯ ಮುಂದೆ ಕೂತ ಮೆಹರು.

ಅದು ತೊಂಬತ್ತರ ದಶಕದ ಮೊದಲ ಭಾಗ. ನನಗೆ ಇಪ್ಪತ್ನಾಲ್ಕು ವರ್ಷ, ಕೈಗೊಂದು ಡಿಗ್ರಿ, ಹೆಗಲಿಗೊಂದು ಬಟ್ಟೆಯ ಚೀಲ, ಜಗತ್ತನ್ನು ಸರಿಮಾಡಲು ಇನ್ನೇನು ಬೇಕು? ಓದು ಬಿಟ್ಟ ಹೆಣ್ಣುಮಕ್ಕಳನ್ನು ಒಂದೆಡೆ ಸೇರಿಸಿ ಆಟ ಆಡಿಸಿ, ಹಾಡಿಸಿ, ಓದಿಸಿ, ಮಾತನಾಡಿಸುವುದು ನನಗೆ ಸಿಕ್ಕ ಕೆಲಸ. ಭಾನುವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಗುರುವಾರ ಕೆ.ಆರ್. ಪೇಟೆ, ಶನಿವಾರ ನಾಗಮಂಗಲದ ಕಡೆಯ ದೇವಲಾಪುರ. ಸಂತೆಯಿಂದ ಸಂತೆಗೆ ಹೋಗುವ ಬಳೆಗಾರನ ಹಾಗೆ ನಾಲ್ಕು ತಾಲ್ಲೂಕನ್ನೂ ಬಸ್ಸಿನಲ್ಲಿ ಸುತ್ತುತ್ತಿದ್ದೆ. ನಮ್ಮಪ್ಪ ಗದ್ದೆಯ ಮನುಷ್ಯ. ಅವನಿಗೆ ಈ ಕೆಲಸ ಏನೆಂದು ಕೊನೆಯವರೆಗೂ ತಿಳಿಯಲಿಲ್ಲ. "ಆಟ ಆಡ್ಸದುಕ್ಕೂ ಸಂಬ್ಳ ಕೊಟ್ಟಾರೇನಮ್ಮಿ? ಅಂಗಾದ್ರೆ ನಮ್ಮೆತ್ಗೂ ಒಸಿ ಕೊಡ್ಸು, ಅವೂ ಒಲ್ದಲ್ಲಿ ಸುತ್ತು ಒಡೀತವೆ" ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ, ಅಪ್ಪನೂ ನೆನಪಾಗುತ್ತಾನೆ.

ನನ್ನ ಚೀಲದ ಮುಖ್ಯ ಆಸ್ತಿ ಎಂದರೆ ಒಂದು ಬಿಳಿಯ ಥ್ರೋಬಾಲ್. ನಾಲ್ಕು ತಾಲ್ಲೂಕಿಗೂ ಅದೊಂದೇ ಚೆಂಡು. ಎರಡು ಗೂಟ ನೆಟ್ಟು ನಡುವೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರೆ ಅಂಕಣ ಸಿದ್ಧ. ಆಚೆಯಿಂದ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿಯಬೇಕು, ಹಿಡಿದ ತಕ್ಷಣ ಎಸೆಯಬೇಕು, ಅಷ್ಟೇ ಆಟ. ಪಾಂಡವಪುರದಲ್ಲಿ ಆಲೆಮನೆಯಿಂದ ಬರುವ ಹುಡುಗಿಯರು ಆಡಿದ ದಿನ ಚೆಂಡು ಅಂಟಂಟಾಗಿರುತ್ತಿತ್ತು, ಚೀಲಕ್ಕೆ ಇರುವೆ ಹತ್ತುತ್ತಿತ್ತು. ಕೆ.ಆರ್. ಪೇಟೆಯಲ್ಲಿ ಕಬ್ಬಿನ ಗರಿ ಸವರುವವರ ಕೈ, ದೇವಲಾಪುರದಲ್ಲಿ ರಾಗಿ ಹೊಲದ ಕೆಂಪು ಮಣ್ಣು. ನಾಲ್ಕು ಊರಿನ ಹುಡುಗಿಯರು ಇನ್ನೂ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ, ಅವರ ಕೈಗಳು ಮಾತ್ರ ಆ ಚೆಂಡಿನ ಮೇಲೆ ಆಗಲೇ ಭೇಟಿಯಾಗಿದ್ದವು. ಇದು ನನಗೆ ಆಗ ಹೊಳೆದಿರಲಿಲ್ಲ.

ಮೆಹರುನ್ನೀಸಾ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ತಂದೆ ಲಾರಿ ಓಡಿಸುತ್ತಿದ್ದರು. ತಾಯಿ ಮಗಳು ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಹದಿನಾರು ವರ್ಷದ ಆ ಹುಡುಗಿಯ ಪ್ರಪಂಚ ಮನೆಯಿಂದ ಬೀದಿ ನಲ್ಲಿಯವರೆಗೆ. ನಾನು ಐದು ಸಲ ಹೋಗಿ, ಐದು ಲೋಟ ಟೀ ಕುಡಿದು, ಸಂಜೆಯೊಳಗೆ ನಾನೇ ಮನೆಗೆ ಬಿಡುತ್ತೇನೆಂದು ಮಾತು ಕೊಟ್ಟ ಮೇಲೆ ಅವಳ ತಂದೆ ಭಾನುವಾರದ ಮಧ್ಯಾಹ್ನವೊಂದನ್ನು ಬಿಟ್ಟುಕೊಟ್ಟಿದ್ದರು. ಕೋಟೆ ಗೋಡೆಯ ಪಕ್ಕದ ಬಯಲಿಗೆ ಕಾಲಿಟ್ಟ ಮೊದಲ ದಿನ ಅವಳು ಸುಮ್ಮನೆ ಈ ತುದಿಯಿಂದ ಆ ತುದಿಗೆ ಓಡಿದಳು. ಚೆಂಡಿಲ್ಲ, ಗುರಿಯಿಲ್ಲ, ಬರಿದೇ ಓಟ. ನಾಲ್ಕೈದು ಸಲ ಓಡಿ ಬಂದು ಏದುಸಿರಿನಲ್ಲಿ, "ಬೋ ದೊಡ್ಡದದೆ ಅಕ್ಕಾ" ಅಂದಳು. ಚೆಂಡು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲೂ ಇರಲಿಲ್ಲ. ಅವಳು ಹಿಡಿದು ಎಸೆದ ಮೇಲೆ ಮಾತ್ರ ಬಿಳಿಯ ಚೆಂಡಿನ ಮೇಲೆ ಹತ್ತು ಕಪ್ಪು ಬೆರಳು ಉಳಿಯುತ್ತಿದ್ದವು. ಊದುಬತ್ತಿಯ ಕಣಕ ಎಂದರೆ ಇದ್ದಿಲ ಪುಡಿ, ಜಿಗಟು ಎಂಬ ತೊಗಟೆಯ ಅಂಟುಪುಡಿ, ನೀರು. ಅದು ಅಂಗೈಯ ಗೆರೆಗಳಲ್ಲಿ ಕೂತುಬಿಟ್ಟಿರುತ್ತದೆ, ಬೆವರಿದಾಗ ಅಷ್ಟಿಷ್ಟೇ ಬಿಡುತ್ತದೆ.

ಒಂದು ಶನಿವಾರ ದೇವಲಾಪುರದಲ್ಲಿ ಚೀಲದಿಂದ ಚೆಂಡು ತೆಗೆದಾಗ ಸಾವಿತ್ರಿಯ ತಾಯಿ ಅಲ್ಲೇ ನಿಂತಿದ್ದರು. ಸಾವಿತ್ರಿ ಅಲ್ಲಿನ ಗುಂಪಿನ ಮುಂದಾಳು, ಅವರ ಮನೆ ಊರಿನಲ್ಲಿ ಅನುಕೂಲಸ್ಥರ ಮನೆ. ಆ ತಾಯಿ ಕಳಿಸಿದರೆ ಹತ್ತು ಮನೆಯವರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು. ಅವರು ಚೆಂಡನ್ನೇ ನೋಡಿ ನನ್ನನ್ನು ಕೇಳಿದರು. "ಇದ್ಯಾರ ಕೈ ಮಸಿ? ಯಾವ್ ಜನುವೋ ಏನೋ, ನಮ್ ಮಕ್ಳು ಇದ್ನ ಮುಟ್ಬೇಕಾ?"

ಉತ್ತರ ನನ್ನ ಬಾಯಲ್ಲೇ ಇತ್ತು. ಮೆಹರು ಎಂಬ ಹುಡುಗಿ, ಊದುಬತ್ತಿ ಹೊಸೆಯುತ್ತಾಳೆ, ನಿಮ್ಮ ಸಾವಿತ್ರಿಗಿಂತ ಚೆನ್ನಾಗಿ ಚೆಂಡು ಹಿಡಿಯುತ್ತಾಳೆ ಎಂದು ಹೇಳಬಹುದಿತ್ತು. ಹತ್ತು ಮನೆಯ ಹುಡುಗಿಯರು ಕಣ್ಣ ಮುಂದೆ ಬಂದರು. "ಬಸ್ಸಿನ ದೂಳು ಕಣಕ್ಕ" ಅಂದುಬಿಟ್ಟೆ, ಸೆರಗಿನಿಂದ ಚೆಂಡನ್ನು ಒರೆಸಿದೆ. ಮನುಷ್ಯರೆಲ್ಲ ಒಂದೇ ಎಂದು ಹಿಂದಿನ ಶನಿವಾರವಷ್ಟೇ ಅದೇ ಜಾಗದಲ್ಲಿ ನಿಂತು ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ.

ಮರುದಿನ ಶ್ರೀರಂಗಪಟ್ಟಣದ ಬಯಲಿಗೆ ಒಂದು ಬಕೆಟ್ಟು, ಒಂದು ಹೊಸ ಸೋಪು ತಂದೆ. ಇನ್ನು ಮೇಲೆ ಎಲ್ಲರೂ ಕೈ ತೊಳೆದುಕೊಂಡೇ ಆಟಕ್ಕೆ ಇಳಿಯಬೇಕು, ಆರೋಗ್ಯಕ್ಕೆ ಒಳ್ಳೆಯದು ಎಂದು ನಿಯಮ ಮಾಡಿದೆ. ಎಲ್ಲರಿಗೂ ಒಂದೇ ನಿಯಮ ಅಲ್ಲವೇ, ಇದರಲ್ಲಿ ತಪ್ಪೇನು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಉಳಿದವರು ಚಿಟಿಕೆ ಹೊಡೆಯುವಷ್ಟರಲ್ಲಿ ತೊಳೆದು ಓಡಿದರು. ಮೆಹರು ಉಜ್ಜುತ್ತಲೇ ಇದ್ದಳು. ಬಕೆಟ್ಟಿನ ನೀರು ಕಪ್ಪಾಯಿತು, ಸೋಪು ಕಪ್ಪಾಯಿತು, ಅಂಗೈ ಮಾತ್ರ ಬೆಳ್ಳಗಾಗಲಿಲ್ಲ. ಅವಳು ತಲೆ ಎತ್ತುವ ಹೊತ್ತಿಗೆ ಆಟ ಮುಗಿಯುತ್ತಾ ಬಂದಿತ್ತು. ಮುಂದಿನ ವಾರ ಆಟಕ್ಕೆ ಇಳಿಯದೆ ಬೇವಿನ ಮರದ ಕೆಳಗೆ ನಿಂತು ಪಾಯಿಂಟು ಹೇಳಿದಳು. ಅದರ ಮುಂದಿನ ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು 'ಆಸಕ್ತಿ ಕಡಿಮೆ' ಎಂದು ಬರೆದೆ. ಆ ಎರಡು ಪದಗಳನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಮೂರು ವಾರ ಕಳೆದ ಮೇಲೆ ಮನೆಗೆ ಹೋದೆ. ಪಡಸಾಲೆಯ ತುಂಬ ಕರಿಯ ಕಡ್ಡಿಗಳು ಒಣಗಲು ಹರಡಿದ್ದವು. ಮೆಹರು ನನ್ನನ್ನು ಕಂಡು ಕೈಯೆರಡನ್ನೂ ಓಢಣಿಯೊಳಗೆ ಎಳೆದುಕೊಂಡಳು. ಅವಳ ತಾಯಿ ನೊಂದುಕೊಂಡು ಹೇಳಿದರು: "ಅವಳ ಅಬ್ಬಾ ಅಂದ್ಬುಟ್ರು ಮೇಡಂ. ಆಟದ ಹುಚ್ಚು ತೀರ್ತು, ಇನ್ ಮನೇಲೇ ಇರ್ಲಿ ಬುಡು ಅಂತ." ಐದು ಲೋಟ ಟೀ ಕುಡಿದು ಗಳಿಸಿದ ಬಾಗಿಲು ಅದು. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಅವಳ ಮದುವೆಯ ದಿನವೇ.

ಯಾಕೆ ಬರುತ್ತಿಲ್ಲ ಎಂದು ಮೆಹರುವನ್ನೇ ಕೇಳಿದೆ. ಅವಳು ಓಢಣಿಯಿಂದ ಅಂಗೈ ತೆಗೆದು ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ಕೆಂಪಗೆ ಹಸಿಯಾಗಿತ್ತು, ಸುತ್ತಲೂ ಅದೇ ಕಪ್ಪು.

"ಸೋಪಲ್ಲಿ ಓಗಲ್ಲ ಅಕ್ಕಾ. ಕಲ್ಲಲ್ಲಿ ಉಜ್ದೆ. ಚರ್ಮ ಓಯ್ತು, ಕಪ್ಪು ಓಗ್ನಿಲ್ಲ" ಅಂದಳು. ಆಮೇಲೆ ಕೇಳಿದಳು: "ಸೋಪು ತನ್ನಿ ಅಂತ ನಿಮ್ಗೆ ಯಾರಾನಾ ಏಳಿದ್ರಾ? ಇಲ್ಲ ನೀವೇ ತಂದ್ರಾ?"

ಸುಳ್ಳು ಹೇಳಿ ಸಾಕಾಗಿತ್ತು. ದೇವಲಾಪುರದ ತಾಯಿ ಕೇಳಿದ್ದು, ನಾನು ದೂಳು ಎಂದದ್ದು, ಹತ್ತು ಹುಡುಗಿಯರು ಬಿಟ್ಟುಹೋದಾರೆಂದು ಹೆದರಿದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವಳು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿ, "ನೀವೂ ಎದುರ್ಕತೀರಾ ಅಕ್ಕಾ?" ಅಂದಳು. ಆ ಮಾತಿನಲ್ಲಿ ಕನಿಕರವಿತ್ತು, ನನ್ನ ಮೇಲೆ.

ಇನ್ನೇನು ಮಾಡುವುದೆಂದು ತೋಚದೆ ನಾನೂ ಒಂದು ಹೊಸೆಯುವ ಮಣೆ ಎಳೆದುಕೊಂಡು ಕೂತೆ. ತಾಯಿ ಬೇಡವೆಂದರು, ಕೇಳಲಿಲ್ಲ. ನಾನು ಹೊಸೆದ ಕಡ್ಡಿಗಳು ಕೆಟ್ಟುಹೋದ ಚಕ್ಕುಲಿಯ ಹಾಗೆ ಅಲ್ಲಲ್ಲಿ ಊದಿಕೊಂಡವು. ಮೆಹರು ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು, ತಾಯಿಯೂ ನಕ್ಕರು. ಇದಕ್ಕೆ ಪರಿಮಳ ಯಾವಾಗ ಹಾಕುತ್ತೀರಿ ಎಂದು ಕೇಳಿದೆ. ಅದನ್ನು ಇವರು ಹಾಕುವುದಿಲ್ಲವಂತೆ. ಕರಿ ಕಡ್ಡಿಯನ್ನು ಕಟ್ಟು ಕಟ್ಟಾಗಿ ಒಯ್ಯುತ್ತಾರೆ, ಪರಿಮಳದಲ್ಲಿ ಅದ್ದುವುದು ಬೇರೆ ಕಡೆ. ಹೊಸೆದವರ ಪಾಲಿಗೆ ಮಸಿ ಮಾತ್ರ. ತಿಂಗಳ ಕೊನೆಯ ಭಾನುವಾರ ನಾಲ್ಕು ತಾಲ್ಲೂಕಿನವರೂ ಮೊದಲ ಸಲ ಕೆ.ಆರ್.ಎಸ್.ನಲ್ಲಿ ಸೇರುವುದಿತ್ತು. ಅವಳು ಬರಬೇಕು, ನೀವೂ ಜೊತೆಗೆ ಬನ್ನಿ ಎಂದು ತಾಯಿಯನ್ನು ಬೇಡಿಕೊಂಡೆ. ನೋಡೋಣ ಅಂದರು.

ಆ ವಾರವೆಲ್ಲ ನನ್ನ ಅಂಗೈ ಕಪ್ಪಾಗಿಯೇ ಇತ್ತು. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಟಿಕೇಟು ಇಸಿದುಕೊಳ್ಳುವಾಗ ನಾನೂ ಕೈ ಮುಚ್ಚಿಕೊಂಡೆ. ಶನಿವಾರ ದೇವಲಾಪುರದಲ್ಲಿ ಮಾತ್ರ ಎರಡೂ ಅಂಗೈ ಚಾಚಿ, ಚೆಂಡಿನ ಮೇಲಿನ ಬೆರಳುಗಳು ಯಾರವು, ಅವಳ ಕೆಲಸ ಏನು, ನಾನು ಏನು ಮಾಡಿದೆ ಎಂದು ಎಲ್ಲರೆದುರು ಹೇಳಿದೆ. ಸಾವಿತ್ರಿಯ ತಾಯಿ ಗದರಲಿಲ್ಲ. "ನಂಗೇನ್ ಗೊತ್ತು? ನೀವು ದೂಳು ಅಂದ್ರಿ" ಅಂದರು. ಸಾವಿತ್ರಿ ನನ್ನ ಕೈಯನ್ನು ಮೂಸಿ ನೋಡಿ, ಅವ್ವ ಸೋಮವಾರ ದೇವರಿಗೆ ಹಚ್ಚುವುದು ಘಮ್ಮೆನ್ನುತ್ತದಲ್ಲ, ಇದರಲ್ಲಿ ವಾಸನೆಯೇ ಇಲ್ಲ ಎಂದಳು. ಅವಳ ತಾಯಿ ಬೇರೆ ಕಡೆ ನೋಡಿದರು. ಎರಡು ಮನೆಯವರು ಆಮೇಲೆ ಮಕ್ಕಳನ್ನು ಕಳಿಸಲೇ ಇಲ್ಲ.

ಕೆ.ಆರ್.ಎಸ್.ಗೆ ದೇವಲಾಪುರದವರು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಸ್ಸಿನಿಂದ ಮೊದಲು ಇಳಿದವಳೇ ಸಾವಿತ್ರಿ. ಮೆಹರು ಆಗಲೇ ತಾಯಿಯ ಜೊತೆ ಬಂದಿದ್ದಳು. ಆದರೆ ಅಂಕಣಕ್ಕೆ ಇಳಿಯಲೊಲ್ಲಳು. ಕೈಗಳನ್ನು ಓಢಣಿಯಲ್ಲಿ ಸುತ್ತಿಕೊಂಡು ಗೆರೆಯ ಆಚೆ ನಿಂತಳು. ನೋಡುವುದಷ್ಟೇ ಸಾಕಂತೆ. ನಾನು ಕರೆಯಲು ಹೋಗಲಿಲ್ಲ, ನನ್ನ ಕರೆಗೆ ಆಗ ಅಷ್ಟು ಬೆಲೆ ಇರಲಿಲ್ಲ. ಅಂಕಣದ ಮಧ್ಯದಲ್ಲಿದ್ದ ಸಾವಿತ್ರಿ ಚೆಂಡನ್ನು ಎರಡು ಕೈಯಲ್ಲಿ ತೂಗಿ ನೋಡಿದಳು.

"ಮೆಹರು ಅಂದ್ರೆ ನೀನೇನಮ್ಮಿ? ನಿನ್ ಬೆರಳ್ ಗುರ್ತ ನೋಡಿ ನೋಡಿ ಸಾಕಾಗದೆ. ಇಡ್ಕೊ ನೋಡಣ."

ಎಸೆದಳು, ಪೂರ್ತಿ ಬಲ ಹಾಕಿ. ಅಂಥ ಚೆಂಡು ಮುಖಕ್ಕೆ ಬರುವಾಗ ಓಢಣಿ ಯಾರಿಗೆ ನೆನಪಿರುತ್ತದೆ? ಮೆಹರುವಿನ ಎರಡು ಕೈಯೂ ತಾವಾಗಿಯೇ ಹೊರಬಂದವು. ಹಿಡಿದಳು, ಹಿಡಿದ ಕ್ಷಣವೇ ತಿರುಗಿ ಎಸೆದಳು, ಸಾವಿತ್ರಿಯ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ನಕ್ಕರು. ಸಾವಿತ್ರಿ ಮಾತ್ರ ನಗದೆ, ಇವಳು ನಮ್ಮ ಕಡೆಗಿರಲಿ ಎಂದು ಹಟ ಹಿಡಿದಳು. ಆ ಮಧ್ಯಾಹ್ನವೆಲ್ಲ ಮೆಹರು ಆಡಿದಳು. ಅವಳ ತಾಯಿ ಮರದಡಿ ಕೂತು ಮಗಳನ್ನೇ ನೋಡುತ್ತಿದ್ದರು. ಹೊರಡುವಾಗ, ಮುಂದಿನ ಭಾನುವಾರಕ್ಕೆ ಅವಳ ಅಬ್ಬಾನಿಗೆ ನಾನೇ ಹೇಳುತ್ತೇನೆ, ನೀವು ಬಂದು ಕೇಳುವುದು ಬೇಡ ಅಂದರು.

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟೆ. ಶ್ರೀರಂಗಪಟ್ಟಣದ ಗುಂಪಿನ ಸೀಟಿಯನ್ನು ಮೆಹರುವಿನ ಕೈಗೆ ಕೊಟ್ಟೆ. ಕೆಲವು ತಿಂಗಳ ನಂತರ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದರೆ ಬೇವಿನ ಮರದ ಕೆಳಗೆ ಅದೇ ಬಕೆಟ್ಟು, ಪಕ್ಕದಲ್ಲಿ ಸೋಪು. ನನ್ನ ಮುಖ ಸಣ್ಣಗಾದದ್ದನ್ನು ಅವಳು ಕಂಡಿರಬೇಕು. ಸೀಟಿಯನ್ನು ಬಾಯಿಂದ ತೆಗೆದು ಹೇಳಿದಳು: "ಸೋಪು ಬ್ಯಾಡ ಅಂತಲ್ಲ ಅಕ್ಕಾ. ಆಟ ಆದ್ಮೇಲೆ."

ಮೊನ್ನೆ ಕಡ್ಡಿ ಬುಡದವರೆಗೆ ಉರಿಯುವಷ್ಟು ಹೊತ್ತು ಇದನ್ನೆಲ್ಲ ನೆನೆಯುತ್ತ ಕೂತಿದ್ದೆ. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ನನ್ನದೇ ದುಂಡಗಿನ ಅಕ್ಷರಗಳನ್ನು ಬೇರೆಯವರದೆಂಬಂತೆ ಓದಿದೆ. ನಿಯಮ ಒಂದು: ಕೈ ಶುಭ್ರವಾಗಿದ್ದರೆ ಮಾತ್ರ ಒಳಗೆ ಬನ್ನಿ. ಇಷ್ಟು ವರ್ಷದ ಮೇಲೂ, ಅಷ್ಟೆಲ್ಲ ಆದ ಮೇಲೂ, ನಾನು ಮತ್ತೆ ಬಕೆಟ್ಟು ತಂದಿಟ್ಟಿದ್ದೆ. ಬಟ್ಟೆ ಹುಡುಕುವ ತಾಳ್ಮೆ ಇರಲಿಲ್ಲ, ಅಂಗೈಯಿಂದಲೇ ಆ ಸಾಲನ್ನು ಒರೆಸಿದೆ.

ಮರುದಿನ ಸಂಜೆ ಗಾರೆ ಹೊರುವ ಹುಡುಗಿ ಬಂದಳು. ಹಲಗೆ ನೋಡಿದಳು, ಮೇಲಿನ ಸಾಲು ಖಾಲಿ ಇತ್ತು. ಒಳಗೆ ಬಾ ಎಂದು ಕರೆದೆ. ಅವಳು ಹೊಸ್ತಿಲಲ್ಲೇ ನಿಂತು, ಸಿಮೆಂಟು ಮೆತ್ತಿ ಬಿರಿದ ತನ್ನ ಕೈಗಳನ್ನು ನೋಡಿಕೊಂಡು, "ಸೋಪು ಎಲ್ಲದೆ ಅಮ್ಮಾ?" ಅಂದಳು.

ಓದಿ ಆದ ಮೇಲೆ ತೋರಿಸುತ್ತೇನೆ ಅಂದೆ.