ಒಳಕ್ಕೆ ಎಳೆಯುವ ಗಾಳಿ

ಕುಶಾಲನಗರದ ಆಚೆ, ಶುಂಠಿ ಹೊಲಗಳ ನಡುವಿನ ದಿಬ್ಬದ ಮೇಲೆ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಆಸ್ಪತ್ರೆ ಎದ್ದು ನಿಂತಾಗ ನಮ್ಮೂರಲ್ಲಿ ಹಬ್ಬಿದ್ದು ಒಂದೇ ಮಾತು. ದೇಶದ ಕಾಯಿಲೆಯೆಲ್ಲ ಇಲ್ಲಿಗೆ ಬರುತ್ತದೆ, ಅದರ ಗಾಳಿ ನಮ್ಮ ಮನೆಗಳ ಮೇಲೆ ಬೀಸುತ್ತದೆ. ನನಗೆ ಕೆಲಸ ಸಿಕ್ಕಿದ್ದು ಅಲ್ಲೇ, ಅಂಟುರೋಗದವರನ್ನು ಒಬ್ಬೊಬ್ಬರನ್ನೇ ಇರಿಸುವ ವಾರ್ಡಿನಲ್ಲಿ, ನರ್ಸ್ ಆಗಿ. ಮಗಳು ಇನ್ನೂ ಚಿಕ್ಕವಳು. ಅವಳನ್ನು ನೋಡಿಕೊಳ್ಳಬೇಕಾದ ಅತ್ತೆ ಆ ಕೆಲಸವೇ ಬೇಡ ಅಂತ ಖಡಾಖಂಡಿತವಾಗಿ ಅಂದುಬಿಟ್ಟಿದ್ದರು. ಕೊರೋನಾ ಕಾಲದಲ್ಲಿ ಅವರ ಅಣ್ಣ ದೂರದ ಆಸ್ಪತ್ರೆಯೊಂದರಲ್ಲಿ, ಮನೆಯವರ ಮುಖವನ್ನೂ ಕಾಣದೆ ತೀರಿಕೊಂಡಿದ್ದರು. ಅಂದಿನಿಂದ ಆಸ್ಪತ್ರೆ ಅಂದರೆ ಉರಿದು ಬೀಳುತ್ತಿದ್ದರು. ಗಂಡನನ್ನು ಕೇಳಿದರೆ "ಅವ್ವನ್ನೇ ಕೇಳು" ಅಂತ ಜಾರಿಕೊಳ್ಳುತ್ತಿದ್ದ, ಪುಣ್ಯಾತ್ಮ. ನನಗೋ ಮೂಗಿನ ತುದಿಯಲ್ಲೇ ಕೋಪ.

ರೋಗಿಗಳು ಬರುವ ಮುಂಚೆ ಒಂದು ದಿನ ಊರವರಿಗೆ ಆಸ್ಪತ್ರೆ ತೋರಿಸುತ್ತೇವೆ ಅಂದರು. ಅತ್ತೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ.

ವಾರ್ಡಿನ ಒಂದು ಕೋಣೆಯ ಮುಂದೆ ಕಣ್ಣೂರು ಕಡೆಯ ಇಂಜಿನಿಯರೊಬ್ಬರು ಅಗರಬತ್ತಿ ಹಚ್ಚಿ, ಮುಚ್ಚಿದ ಬಾಗಿಲ ಬುಡಕ್ಕೆ ಹಿಡಿದರು. ಅತ್ತೆ ತಟ್ಟನೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಕೈಮುಗಿದರು. ಪೂಜೆ ಶುರುವಾಯಿತು ಅಂದುಕೊಂಡಿದ್ದರು, ಪಾಪ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಹೊಗೆಯನ್ನು ನೋಡಿದ್ದೇ ತಡ, ನಗು ಅಲ್ಲೇ ನಿಂತಿತು. ಮೇಲೇರಬೇಕಾದ ಹೊಗೆ ಬಗ್ಗಿ, ನೆಲಕ್ಕಂಟಿಕೊಂಡು, ಬಾಗಿಲ ಸಂದಿಯಲ್ಲಿ ಸರ್ರನೆ ಒಳಗೆ ಹೋಯಿತು. ಒಂದೆಳೆಯೂ ಹೊರಗೆ ಉಳಿಯಲಿಲ್ಲ. ಇದನ್ನೆಲ್ಲ ಓದಿ ಪರೀಕ್ಷೆ ಬರೆದವಳು ನಾನು, ಆದರೂ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಗಾಳಿಗೂ ದಾರಿ ಹೇಳಿಕೊಡಬಹುದು ಅಂತ ಮೊದಲು ಯಾರಿಗೆ ಹೊಳೆಯಿತೋ ಏನೋ, ಅವರಿಗೆ ನಾನೂ ಮನಸ್ಸಿನಲ್ಲೇ ಕೈಮುಗಿದೆ.

"ಅಮ್ಮಾ, ಒಳಗಿನ ಫ್ಯಾನ್ ಗಾಳಿಯನ್ನು ಸದಾ ಎಳೀತಾ ಇರ್ತದೆ. ಒಳಗೆ ಹೋದ ಗಾಳಿ ಹಾಗೇ ಹೊರಗೆ ಬರೋದಿಲ್ಲ. ರೋಗಾಣು ಹಿಡಿಯೋ ಫಿಲ್ಟರ್ ಉಂಟು," ಅಂದರು ಇಂಜಿನಿಯರ್.

ಅತ್ತೆ ಅಷ್ಟಕ್ಕೇ ಬಿಡುವವರಲ್ಲ. "ಗಾಳಿ ಜೊತೆ ನಮ್ ಸೊಸೇನೂ ಒಳೀಕೋಯ್ತಾಳಲ್ಲಪ್ಪಾ? ಅವಳ ಗತಿ?"

ಅವರು ನಮ್ಮನ್ನು ಒಳಗೆ ಕರೆದು, ನನ್ನನ್ನು ಮಂಚದ ಕಾಲ ಕಡೆ ನಿಲ್ಲಿಸಿ, ಅಗರಬತ್ತಿಯನ್ನು ನನ್ನ ಕೈಗೇ ಕೊಟ್ಟರು. ಹೊಗೆ ನನ್ನ ಕಡೆ ತಿರುಗಲೇ ಇಲ್ಲ. ಮಂಚದ ಮೇಲೆ ಹಾದು, ತಲೆದಿಂಬಿನ ಹಿಂದಿನ ಜಾಲರಿಯೊಳಗೆ ಮಾಯವಾಯಿತು. ಶುದ್ಧ ಗಾಳಿ ನರ್ಸಿನ ಬೆನ್ನ ಹಿಂದಿನಿಂದ ಬರುವ ಹಾಗೆ ಮಾಡಿದ್ದಾರಂತೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅತ್ತೆ ಹೊಗೆ ನೋಡುವುದನ್ನು ಬಿಟ್ಟು ಆ ಖಾಲಿ ಹಾಸಿಗೆಯನ್ನು ಮೆಲ್ಲಗೆ ಸವರುತ್ತಿದ್ದರು.

"ಇಲ್ಲಿ ಮಲಗಿರೋ ಜೀವದ ಜೊತೆ ಯಾರಪ್ಪಾ ಇರೋರು?"

"ಸಿಸ್ಟರ್ ಮಾತ್ರ, ಅಮ್ಮಾ."

ಅತ್ತೆ ಹಾಸಿಗೆಯ ಸುಕ್ಕನ್ನು ಕೈಯಿಂದ ಸರಿಮಾಡಿ ಹೊರಗೆ ನಡೆದರು. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಕೂತರು. ಕೆಲಸ ಕೈಬಿಟ್ಟಿತು ಅಂತಲೇ ಅಂದುಕೊಂಡೆ.

ಬಸ್ ಇಳಿದ ಕೂಡಲೇ ಪಕ್ಕದ ಮನೆಯಾಕೆ ಅಡ್ಡಗಟ್ಟಿದಳು. "ಏನಕ್ಕಾ, ಆ ಕಾಯ್ಲೆ ಗಾಳಿ ನಮ್ಮೂರ್ಗೂ ಬತ್ತದಂತೆ, ದಿಟವಾ?"

"ಬರಾಕಿಲ್ಲ ಕಣವ್ವ," ಅಂದರು ಅತ್ತೆ, ನನ್ನ ಕಡೆ ನೋಡದೆಯೇ. "ನಮ್ ಸೊಸೆ ಇರ್ತಾಳೆ ಅಲ್ಲಿ."