ಕಡಲಿಗೆ ಬೆನ್ನು ಮಾಡಿ ನಿಂತವಳು

ಅವ್ವ ಮಂಗಳೂರಿಗೆ ಬಂದದ್ದು ಊರು ನೋಡುವುದಕ್ಕಲ್ಲ, ಸಕ್ಕರೆ ಕಾಯಿಲೆಯ ಔಷಧಕ್ಕೆ. ಅಫಜಲಪುರದಲ್ಲಿ ಕೊಟ್ಟ ಗುಳಿಗೆ ಹಿಡಿಯಲಿಲ್ಲ, ಗುಲ್ಬರ್ಗಾದಲ್ಲಿ ಕೊಟ್ಟದ್ದೂ ಹಿಡಿಯಲಿಲ್ಲ. ಎಂಬತ್ತರ ದಶಕದ ಕೊನೆ ಅದು. ನಮ್ಮ ಮನೆಯವರಿಗೆ ಆಗ ಮಂಗಳೂರಿನ ಬಂದರಿನಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಭೀಮೆಯ ದಂಡೆ ಬಿಟ್ಟು ಎಲ್ಲಿಗೂ ಹೋಗದಿದ್ದವಳನ್ನು ನಾನೇ ಹಟ ಹಿಡಿದು ಕರೆಸಿಕೊಂಡೆ.

ಇಲ್ಲಿಯ ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟು ಮೂರು ಮಾತು ಹೇಳಿದರು. ದಿನಾ ನಡೆಯಬೇಕು. ಗುಳಿಗೆ ನುಂಗಿದ ಮೇಲೆ ಉಪವಾಸ ಇರಲೇಬಾರದು. ಮೈ ಬೆವರಿ, ಕೈ ನಡುಗಿ, ಮಾತು ತಪ್ಪಿದರೆ ತಡಮಾಡದೆ ಬಾಯಿಗೆ ಸಕ್ಕರೆ ಹಾಕಿ.

ನಡೆಯಬೇಕು ಎಂದದ್ದೇ ನೆಪವಾಯಿತು. ಭಾನುವಾರ ಬಂತೆಂದರೆ ರೊಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದೆವು, ಸಂಜೆಗೆ ಮನೆ ಸೇರುತ್ತಿದ್ದೆವು. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ಕರಿ ಹೊಲ ನೋಡಿ ಬೆಳೆದವರು ನಾವು. ಮಂಗಳೂರಿನಲ್ಲಿ ಒಂದು ಬೀದಿಯೂ ಸಮತಟ್ಟಾಗಿರಲಿಲ್ಲ. ಹಾಲು ತರಲು ಇಳಿಯಬೇಕು, ಬಸ್ಸು ಹಿಡಿಯಲು ಏರಬೇಕು. ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತು, “ಇದೇನ್ ಊರ ಬೇ, ಒಂದ್ ತಂಬಿಗಿ ಇಡಾಕ ಸಪಾಟ ಜಾಗ ಇಲ್ಲ” ಎನ್ನುತ್ತಿದ್ದಳು. ಕುಚ್ಚಲಕ್ಕಿ ಅನ್ನ ನೋಡಿ, ಹುಣಸಿ ಬೀಜ ಕುದಿಸ್ಯಾರೇನು ಎಂದು ಕೇಳಿದ್ದಳು. ಕದ್ರಿ ಗುಡ್ಡ ಹತ್ತಿಸಿದರೆ ಗುಡಿಯ ಹೊರಗೇ ಕಟ್ಟೆಯ ಮೇಲೆ ಕೂತಳು. ಒಳಗೆ ಬಾ ಎಂದರೆ, “ನಮ್ಮಪ್ಪ ಮೈಮ್ಯಾಲೇ ಅದಾನ. ಒಳಗ ಹೋಗಿ ಮತ್ತ ಯಾರನ್ನ ನೋಡ್ಲಿ?” ಎಂದು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು.

ಲೈಟ್‌ಹೌಸ್ ಗುಡ್ಡದ ಮೇಲಿಂದ ಮೊದಲ ಸಲ ಕಡಲು ಕಂಡಾಗ ಮಾತ್ರ ತಮಾಷೆ ಮರೆತಳು. “ನಮ್ಮ ಭೀಮಿ ಬಂದು ಇಲ್ಲೇ ಕೂಡ್ತಾಳೇನು?” ಎಂದು ಅಳಿಯನನ್ನು ಕೇಳಿದಳು.

“ಇಲ್ರೀ ಅತ್ತಿ, ಆಕಿ ಕೃಷ್ಣಾ ಕೂಡಿ ಮೂಡಣ ಸಮುದ್ರಕ್ಕ ಹೋಗ್ತಾಳ. ಅದು ಬ್ಯಾರೆ.”

“ನೀರಿಗಿ ಎಲ್ಲಿ ಗ್ವಾಡಿ ಕಟ್ಯಾರ್ರಿ, ಬ್ಯಾರೆ ಅನ್ನಾಕ?” ಎಂದಳು ಅವ್ವ. ಮುಂದಿನ ಭಾನುವಾರ ಕಡಲ ದಂಡೆಗೇ ಹೋಗುವುದೆಂದು ಅವಳೇ ಗೊತ್ತುಮಾಡಿದಳು.

ಆ ಭಾನುವಾರ ಬಸ್ಸಿನ ಅವಸರ. ಅವ್ವ ಸ್ನಾನ ಮಾಡಿ, ಪೂಜೆ ಮುಗಿಸಿ, ಗುಳಿಗೆ ನುಂಗಿದಳು. ರೊಟ್ಟಿ ಅಲ್ಲೇ ಹೋಗಿ ತಿಂದರಾಯಿತು ಎಂದಳು, ನಾನೂ ಹೂಂ ಅಂದೆ. ಸೋಮೇಶ್ವರದ ಕಡಲ ದಂಡೆಗೆ ಹೋದಾಗ ಬಿಸಿಲು ಇನ್ನೂ ಎಳೆಯದು. ನಮ್ಮ ಮನೆಯವರು ತಿರುಗಿ ಹೋಗುವ ಬಸ್ಸು ಯಾವಾಗ ಎಂದು ಕೇಳಲು ರಸ್ತೆಯ ಕಡೆ ಹೋದರು. ನಾನು ಚಪ್ಪಲಿ, ಬುತ್ತಿ ನೋಡಿಕೊಂಡು ಮರಳ ಮೇಲೆ ಕೂತೆ.

ಅವ್ವ ಮೊಣಕಾಲು ನೀರಿಗೆ ಹೋದಳು. ಹೊಸ ಹೊಳೆಗೆ ಹೋದರೆ ಲಿಂಗಕ್ಕೆ ಆ ನೀರು ಹಾಕಿಕೊಳ್ಳದೆ ಬರುವವಳಲ್ಲ. ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡಳು. ಭೀಮೆಯಲ್ಲಿ ಮಾಡುತ್ತಿದ್ದಂತೆಯೇ ಸೂರ್ಯನ ಕಡೆ ತಿರುಗಿ ನಿಂತಳು. ಸೂರ್ಯನಿದ್ದದ್ದು ದಂಡೆಯ ತೆಂಗಿನ ಮರಗಳ ಹಿಂದೆ, ಅಂದರೆ ಕಡಲಿಗೆ ಅವಳ ಬೆನ್ನು. ಹೊಳೆಯವರ ತಿಳಿವಳಿಕೆ ಅಷ್ಟೇ. ಹೊಳೆಯ ನೀರು ಒಂದೇ ದಿಕ್ಕಿಗೆ ಹೋಗುತ್ತದೆ, ಬೆನ್ನ ಹಿಂದಿನಿಂದ ಎದ್ದು ಬಂದು ಹೊಡೆಯುವುದಿಲ್ಲ. ಬಲಗೈಯಿಂದ ನೀರು ಮೊಗೆದು ಹಾಕುತ್ತ ಕಣ್ಣು ಮುಚ್ಚಿದಳು.

ಅಲೆ ನನಗೆ ಕಂಡಿತು. “ಯವ್ವಾ, ಹಿಂದ ನೋಡ” ಎಂದು ಕೂಗಿದೆ. ಪೂಜೆಯ ನಡುವೆ ಅವಳು ಯಾರ ಮಾತಿಗೂ ತಿರುಗುವುದಿಲ್ಲ. ಅಲೆ ಬಂದು ಬೆನ್ನಿಗೆ ಹೊಡೆಯಿತು, ಮುಂದಕ್ಕೆ ಬಿದ್ದಳು, ಬೀಳುವಾಗ ಎರಡೂ ಕೈ ಊರಿದಳು. ನಾನು ಓಡಿಹೋಗಿ ಎಬ್ಬಿಸಿದಾಗ ಮೈಯೆಲ್ಲ ಮರಳು, ಎಡಗೈ ಖಾಲಿ.

ಹುಡುಕಿದೆವು. ನನ್ನ ಕೂಗು ಕೇಳಿ ಓಡಿಬಂದ ನಮ್ಮ ಮನೆಯವರು ಪ್ಯಾಂಟು ಮಡಚಿ ನೀರಿಗಿಳಿದರು. ಮೀನಿನ ಬುಟ್ಟಿ ಇಳಿಸಿ ಇಬ್ಬರು ಹೆಂಗಸರು ಬಂದು ಬಗ್ಗಿ ಮರಳು ಕೆದಕಿದರು. ಅವರ ತುಳು ನಮಗೆ ತಿಳಿಯದು, ನಮ್ಮ ಮಾತು ಅವರಿಗೆ ತಿಳಿಯದು. ನಾನು ಬೆರಳು ದುಂಡಗೆ ಮಾಡಿ, ಕರ್ರಗಿನದು ಎಂದು ನನ್ನ ಕೂದಲು ತೋರಿಸಿದೆ. ಕರಿ ಕಲ್ಲು ಕಂಡಲ್ಲೆಲ್ಲ ಎತ್ತಿ ನೋಡುತ್ತಿದ್ದೆ. ಅಷ್ಟು ದೊಡ್ಡ ಕಡಲಿಗೆ ನಮ್ಮವ್ವನ ಲಿಂಗವೇ ಬೇಕಾಗಿತ್ತೇ ಎಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಲಿಂಗ ಮೈಮೇಲಿಲ್ಲದೆ ಅವ್ವ ಹನಿ ನೀರು ಮುಟ್ಟುವವಳಲ್ಲ. ಕಳೆದುಹೋದರೆ ಗುರುಗಳ ಕೈಯಿಂದಲೇ ಮತ್ತೆ ಕಟ್ಟಿಸಿಕೊಳ್ಳಬೇಕು. ಗುರುಗಳಿದ್ದದ್ದು ಅಫಜಲಪುರದ ಮಠದಲ್ಲಿ. ಗುಳಿಗೆ ಅವಳ ಹೊಟ್ಟೆಯಲ್ಲಿತ್ತು, ರೊಟ್ಟಿ ಬುತ್ತಿಯಲ್ಲೇ ಇತ್ತು.

ಬಸ್ಸಿನಲ್ಲಿ ಗೋಗರೆದೆ. ಮುಖ ತಿರುಗಿಸಿದಳು. ಮನೆ ಮುಟ್ಟಿದ ಮೇಲೆ ನಮ್ಮ ಮನೆಯವರು ಬಂದರಿನ ಪೇಟೆಗೆ ಓಡಿದರು. ನಮ್ಮ ಕಡೆಯಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ ತರುವ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಈ ಊರಿನಲ್ಲಿ ಲಿಂಗ ಕಟ್ಟುವ ಸ್ವಾಮಿಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿ ಬರುತ್ತೇನೆ ಎಂದರು. ಮನೆಯಲ್ಲಿ ಉಳಿದವರು ನಾನು, ಅವ್ವ.

ಪೆಟ್ಟಿಗೆಯಲ್ಲಿದ್ದ ನನ್ನ ಲಿಂಗ ತಂದು ಅವಳ ಮುಂದೆ ಹಿಡಿದೆ.

“ನಿಂದು ನಿನಗ ಕಟ್ಟಿದ್ದು. ಸೀರಿ ಇದ್ದಂಗೇನ ಬೇ, ಬದಲಿ ಉಡಾಕ?”

“ಹಂಗಾರ ನೀರರ ಕುಡಿ. ಡಾಕ್ಟರ್ ಹೇಳಿದ್ದ ಕೇಳಿಸ್ಕೊಂಡಿಲ್ಲೇನು? ಜೀವ ಹೋಗ್ತದ.”

“ಹೋದ್ರ ಹೋಗ್ಲಿ. ಖರೇ, ಕೈಯಾಗ ಏನಿಟ್ಟು ಮಣ್ಣ ಮಾಡ್ತಿ ನನ್ನ?”

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅವರ ಲಿಂಗ ಅವರ ಅಂಗೈಯಲ್ಲಿಟ್ಟೇ ಮಣ್ಣು ಕೊಡುವುದು. ಉತ್ತರವಿಲ್ಲದಾಗ ನಾನು ಬೈಯುತ್ತೇನೆ, ಅವತ್ತೂ ಬೈದೆ. ಒಂದು ಕಲ್ಲಿಗೋಸ್ಕರ ಮಗಳ ಮನೆಯಲ್ಲಿ ಹೆಣವಾಗುತ್ತೀಯಾ ಎಂದೆ. ನೋಡಿದರೆ ಅವಳ ಹಣೆಯ ಮೇಲೆ ಬೆವರು ಮೂಡಿತ್ತು.

“ಎಮ್ಮಿ ಹೊಳಿಗಿ ಇಳದಾವ, ಹೊಡಕೊಂಡ ಬಾ” ಎಂದಳು. ಎಮ್ಮೆಗಳನ್ನು ಅಪ್ಪ ಇದ್ದಾಗಲೇ ಮಾರಿದ್ದೆವು. ಮತ್ತೊಮ್ಮೆ ಅದನ್ನೇ ಹೇಳಿದಳು, ನಾಲಿಗೆ ತೊಡರಿತು, ಗೋಡೆಗೆ ಒರಗಿದವಳು ಹಾಗೇ ಜಾರಿದಳು.

ನಾನು ಯೋಚನೆ ಮಾಡಲಿಲ್ಲ. ಸಕ್ಕರೆ ಡಬ್ಬಿ ತಂದು, ಬೆರಳಿನಿಂದ ದವಡೆಯ ಒಳಗೆ ತಿಕ್ಕಿದೆ. ಹಲ್ಲು ಕಚ್ಚಿದ್ದಳು, ಬಿಡಿಸಿದೆ. ಮತ್ತೆ ತಿಕ್ಕಿದೆ. ಯವ್ವಾ, ಯವ್ವಾ ಎಂದು ಕರೆಯುತ್ತಲೇ ಇದ್ದೆ. ಅವಳ ವ್ರತ ನನ್ನ ಕೈಯಿಂದ ಮುರಿಯುತ್ತಿದೆ ಎಂದು ಗೊತ್ತಿತ್ತು. ಇವತ್ತಾದರೂ ಹಾಗೇ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಎಷ್ಟು ಹೊತ್ತಾಯಿತೋ, ನಾಲಿಗೆ ಅಲುಗಿತು. ಕಣ್ಣು ಬಿಟ್ಟಳು. ಬಾಯಿ ಚಪ್ಪರಿಸಿದಳು.

“ಏನ ಹಾಕಿದಿ?”

“ಸಕ್ಕರಿ.”

ನನ್ನನ್ನೇ ನೋಡಿದಳು. ಜಗಳಕ್ಕೆ ನಾನು ತಯಾರಾಗಿದ್ದೆ. ಅವಳು ಜಗಳ ತೆಗೆಯಲಿಲ್ಲ. “ಅನ್ನ ಐತೇನು?” ಎಂದಳು.

ಮಜ್ಜಿಗೆ ಅನ್ನ ಕಲಸಿ ತುತ್ತು ಮಾಡಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒಂದು ಅಗುಳು ಬಿಡದೆ ಉಂಡಳು. ಹಟ ಮುರಿಯಿತು, ಹಸಿವು ಗೆದ್ದಿತು ಎಂದುಕೊಂಡೆ. ನಾನು ಬೇಡಿದ್ದು ಅದನ್ನೇ ಆದರೂ ನನಗೆ ಸಮಾಧಾನವಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ. ನಮ್ಮ ಮನೆಯವರು ಬರಿಗೈಯಲ್ಲಿ ಬಂದರು. ಉಂಡ ತಾಟು ನೋಡಿ, ಊರಿನ ಬಸ್ಸು ಯಾವಾಗ ಎಂದು ಕೇಳಿ ಬರಲು ಮತ್ತೆ ಹೊರಟರು.

ಮರುದಿನವೇ ಊರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕೊಟ್ಟಾಗೆಲ್ಲ ತಿಂದಳು. ಖಾಲಿ ಕರಡಿಗೆ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ನಾನು ಕಿಟಕಿಯ ಪಕ್ಕ ಕೂತು ಮಠದಲ್ಲಿ ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದೆ.

ಅಫಜಲಪುರದ ಮಠದಲ್ಲಿ ಸ್ವಾಮಿಗಳು ಎಲ್ಲ ಕೇಳಿಸಿಕೊಂಡರು. ವಯಸ್ಸಾದವರು, ನನಗೂ ತೊಟ್ಟಿಲಲ್ಲಿ ಲಿಂಗ ಕಟ್ಟಿದವರು. ಕೊನೆಗೆ ಕೇಳಬೇಕಾದ್ದನ್ನು ಕೇಳಿದರು. “ಲಿಂಗ ಹೋದ ಮ್ಯಾಲ ಬಾಯಿಗೆ ಏನರ ಹೋಗೇದೇನ್ರಿ ಯವ್ವಾ?”

ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ಎಚ್ಚರ ತಪ್ಪಿದಾಗ ನಾನ ಸಕ್ಕರಿ ಹಾಕೇನ್ರೀ ಅಪ್ಪಾರ. ಅವ್ವಗ ಅದು ಗೊತ್ತಿಲ್ರಿ. ಆಕಿದು ತಪ್ಪಿಲ್ರಿ.”

“ಸಕ್ಕರಿ ಆಕಿ ಹಾಕಿದ್ದು ಖರೇ,” ಎಂದಳು ಅವ್ವ. “ಅನ್ನ ನಾನ ಕೇಳಿ ಉಂಡೇನ್ರಿ.”

“ಎಚ್ಚರ ಇದ್ದೂ ಯಾಕ ಉಂಡ್ರಿ?”

“ಕಣ್ಣ ತಗದು ನೋಡಿದ್ನಿರಿ. ಹುಡುಗಿ ಒಬ್ಬಾಕಿನ ಇದ್ಲು. ಡಬ್ಬಿ ಹಿಡಕೊಂಡು ಯವ್ವಾ, ಯವ್ವಾ ಅಂತ ಒದರಾಕತ್ತಿದ್ಲು. ಭಾಳ ಅಂಜಿದ್ಲು. ಅದಕ್ಕ ಉಂಡೆ.”

ನಾನು ತಲೆ ತಗ್ಗಿಸಿದೆ. ಸ್ವಾಮಿಗಳು ಹೊಸ ಲಿಂಗ ಕೈಗೆ ತೆಗೆದುಕೊಂಡು ಮುಂದೆ ಸರಿದು ಕೂತು, “ಎಡಗೈ ಹಿಡೀರಿ ಯವ್ವಾ” ಎಂದರು.